ಕೋಟಿನ ಜೇಬಿನ ಓಮ

ರಾಬರ್ಟ್‌ಸನ್‌ಪೇಟೆಯ ನಮ್ಮ ಟೈಲರ್ ನನ್ನ ಹಳೆಯ ಕರಿಕೋಟಿನ ಒಳಪದರ ಬಿಚ್ಚಿ ಮೇಜಿನ ಮೇಲೆ ಕೊಡವಿದಾಗ ಒಂದಷ್ಟು ಓಮದ ಕಾಳು ಉದುರಿದವು. ಬಲಗಡೆಯ ಜೇಬಿಗೆ ಯಾವಾಗಲೋ ತೂತು ಬಿದ್ದಿತ್ತು. ಕಾಳುಗಳು ಅಲ್ಲಿಂದ ಜಾರಿ ಕೋಟಿನ ಕೆಳಹೊಲಿಗೆಯಲ್ಲಿ ಸೇರಿಕೊಂಡಿದ್ದವು. ಟೈಲರ್ ಅದರಲ್ಲೊಂದು ಚಿಟಿಕೆಯನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಲ್ಲಿ ಉಜ್ಜಿ ನನ್ನ ಮುಂದೆ ಹಿಡಿದರು.

“ವಾಸ್ನೆ ಇನ್ನೂ ಓಗಿಲ್ಲ ನೋಡಿ ಮೇಡಂ.”

ಹೋಗಿರಲಿಲ್ಲ. ಆ ಕಾರದ, ಮೂಗಿಗೆ ಏರುವ ವಾಸನೆ... ಸುಮಾರು ನಲವತ್ತು ವರ್ಷದ ಹಿಂದೆ ಹೇಗಿತ್ತೋ ಹಾಗೆಯೇ. ಆಮೇಲೆ ಒಂದು ಮುಖ ಕಣ್ಣ ಮುಂದೆ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ನನ್ನ ಸೀನಿಯರ್ ವಕೀಲರ ಗುಮಾಸ್ತನ ಮುಖ ಅದು.

ಹೋದವರನ್ನು ನೆನೆದು ಬರೆಯುವಾಗ ಎಲ್ಲರೂ ಮೆತ್ತಗಾಗುತ್ತಾರೆ. ನನ್ನಿಂದ ಅದು ಆಗದು. ಎದುರಿಗಿದ್ದಾಗ ‘ಗುಮಾಸ್ತರೇ’ ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದೆ, ಮನಸ್ಸಿನೊಳಗೆ ಮಾತ್ರ ಯಾವಾಗಲೂ ಏಕವಚನ. ಈಗ ಬರೆಯುವಾಗಲೂ ಹಾಗೇ ಇರಲಿ. ಇಷ್ಟು ವರ್ಷದ ಮೇಲೆ ಸುಳ್ಳು ಮರ್ಯಾದೆ ಕೊಟ್ಟರೆ ಅವನಿಗೇ ನಗು ಬಂದೀತು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಎರಡು ಎಕರೆ ರಾಗಿ ಹೊಲ, ನಾಲ್ಕು ಎಮ್ಮೆ. ಅಪ್ಪ ಚಿನ್ನದ ಗಣಿಯ ಊರಿನ ಮನೆಗಳಿಗೆ ಹಾಲು ಹಾಕಿಯೇ ನನ್ನನ್ನು ಕಾನೂನು ಓದಿಸಿದ್ದ. ನಾನು ವಕೀಲಳಾದ ಮೇಲೂ ಇಬ್ಬರೂ ಬೆಳಗಿನ ಒಂದೇ ರೈಲಿಗೆ ಹೋಗುತ್ತಿದ್ದೆವು, ಅವನು ಕ್ಯಾನು ಹಿಡಿದುಕೊಂಡು, ನಾನು ಕೋಟು ಹಿಡಿದುಕೊಂಡು. ಹಾಲಿನವರ ಬೋಗಿಯಲ್ಲಿ ನನಗೊಂದು ಕಿಟಕಿ ಪಕ್ಕದ ಸೀಟು ಖಾಯಂ ಆಗಿ ಮೀಸಲಿತ್ತು. ರೈಲು ಕುಲುಕಿದಾಗ ಕ್ಯಾನಿನ ಮುಚ್ಚಳದಿಂದ ಹಾಲು ಚೆಲ್ಲಿ ಎಷ್ಟೋ ಸಲ ಸೀರೆಯ ಅಂಚಿಗೆ, ಕೋಟಿನ ತೋಳಿಗೆ ಸಿಡಿಯುತ್ತಿತ್ತು.

ಸೀನಿಯರ್ ಆಫೀಸಿಗೆ ನಾನು ಸೇರಿದ ಮೊದಲ ದಿನ ಗುಮಾಸ್ತ ಬಾಗಿಲಲ್ಲೇ ನಿಂತು ಮೂಗು ಅರಳಿಸಿದ.

“ಏನಮ್ಮಾ, ಕೊಟ್ಟಿಗೆಯಿಂದ ಸೀದಾ ಇಲ್ಲಿಗೇ ಬಂದ್ಯಾ?”

ಅಂದಿನಿಂದ ನಾನು ಅವನ ಬಾಯಲ್ಲಿ ‘ಹಾಲಮ್ಮ’. ಕಕ್ಷಿದಾರರ ಎದುರಿಗೂ ಅದೇ. “ಹಾಲಮ್ಮ ಬಂದವ್ರೆ, ಕೂತ್ಕೊಳಿ, ಈಗ ನ್ಯಾಯ ಕಾಯಿಸಿ ಕೊಡ್ತಾರೆ” ಅನ್ನುವುದು, ಅವರು ನಕ್ಕರೆ ತಾನು ನಗದೆ ಫೈಲಿನ ದಾರ ಬಿಗಿಯುವುದು. ಸೀನಿಯರ್ ಕೇಳಿಸಿಕೊಂಡೂ ಕೇಳಿಸದಂತೆ ಇರುತ್ತಿದ್ದರು. ಅವರಿಗೂ ಅವನಿಲ್ಲದೆ ನಡೆಯುತ್ತಿರಲಿಲ್ಲ. ಯಾವ ಫೈಲು ಯಾವ ಬೀರುವಿನಲ್ಲಿದೆ, ಯಾವ ಸಾಕ್ಷಿ ಕುಡಿದು ಬರುತ್ತಾನೆ, ಯಾವ ಲೈನಿನಲ್ಲಿ ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲವೂ ಅವನ ತಲೆಯಲ್ಲಿತ್ತು. ಊರಿಗಾಂನಲ್ಲಿ ಗಣಿಯವರು ಕಾರ್ಮಿಕರಿಗೆ ಕೊಟ್ಟ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ಹುಟ್ಟಿದವನು. ಅಪ್ಪ ಗಣಿಯ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಕೋರ್ಟು ಸೇರಿದ್ದನಂತೆ. ಮನೆಮಾತು ತಮಿಳು, ಹಳ್ಳಿ ಕಕ್ಷಿದಾರರ ಜೊತೆ ತೆಲುಗು, ನಮ್ಮ ಜೊತೆ ಕನ್ನಡ, ಬೈಯುವುದಕ್ಕೆ ಮೂರೂ. ಕಡ್ಡಿಯಂಥ ಆಳು, ಇಸ್ತ್ರಿ ಮುರಿಯದ ಬಿಳಿ ಷರಟು. ಹೊಟ್ಟೆಯ ತೊಂದರೆಯೆಂದು ಇಡೀ ದಿನ ಓಮ ಜಗಿಯುತ್ತಿದ್ದ. ಅವನು ಹತ್ತಿರ ಬರುವ ಮೊದಲೇ ಆ ವಾಸನೆ ಬರುತ್ತಿತ್ತು, ನಾನು ಫೈಲಿನಲ್ಲಿ ತಲೆ ತಗ್ಗಿಸುತ್ತಿದ್ದೆ.

ಎರಡು ವರ್ಷ ನಾನು ಕೋರ್ಟಿನಲ್ಲಿ ಬಾಯಿ ಬಿಟ್ಟದ್ದು ವಾಯಿದೆ ಕೇಳುವುದಕ್ಕೆ, ಮುಂದಿನ ತಾರೀಖು ಪಡೆಯುವುದಕ್ಕೆ ಮಾತ್ರ. ಹೆಸರು ಕೂಗಿದಾಗ ಎದ್ದು ನಿಂತರೆ ಮಂಡಿ ಒಂದಕ್ಕೊಂದು ತಾಕುತ್ತಿತ್ತು. ಸೀರೆ ಉಟ್ಟಿದ್ದರಿಂದ ಬಚಾವ್, ಇಲ್ಲದಿದ್ದರೆ ಇಡೀ ಕೋರ್ಟಿಗೇ ಕಾಣುತ್ತಿತ್ತು. ನನ್ನ ನಂತರ ಸೇರಿದವರು ಆಗಲೇ ಸಾಕ್ಷಿಗಳನ್ನು ಆಡಿಸಿ ಬೀಳಿಸುತ್ತಿದ್ದರು. ನಾನು ಮಾತ್ರ ಒಂದು ದಿನ ಪೂರ್ತಿ ವಿಚಾರಣೆ ನಡೆಸುವುದನ್ನು ನೆನೆದರೇ ಬೆವರುತ್ತಿದ್ದೆ. ಇದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಗುಮಾಸ್ತ ಕಂಡುಕೊಂಡಿದ್ದ. “ಹಾಲು ಒಡೆದಂಗೆ ಒಡೀತಾರೆ ಈಯಮ್ಮ” ಎಂದು ಬೆಂಚ್ ಕ್ಲರ್ಕ್ ಹತ್ತಿರ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಹೀಗಿರುವಾಗ ಊರಿಗಾಂನ ನಲ್ಲಿ ಜಗಳದ ಕೇಸು ವಿಚಾರಣೆಗೆ ಬಂತು. ನಮ್ಮ ಕಕ್ಷಿದಾರ ನಲವತ್ತರ ಆಸುಪಾಸಿನ ಗಣಿ ಕಾರ್ಮಿಕ, ಮಾತು ಕಡಿಮೆ. ಒಂದು ಬೆಳಿಗ್ಗೆ ಆರೂ ಮುಕ್ಕಾಲಿಗೆ ಲೈನಿನ ನಲ್ಲಿಯ ಹತ್ತಿರ ಕೊಡದ ಸರದಿಗೆ ಜಗಳವಾಗಿ, ಅವನು ಪಕ್ಕದ ಮನೆಯವನಿಗೆ ಕಬ್ಬಿಣದ ಸರಳಿನಿಂದ ಹೊಡೆದು ಕೈ ಮುರಿದ ಎನ್ನುವುದು ದೂರು. ಎರಡು ಮನೆಗಳಿಗೆ ಹಳೆಯ ಹಗೆ. ಕಣ್ಣಾರೆ ಕಂಡವನೆಂದು ಇದ್ದದ್ದು ಒಬ್ಬನೇ ಸಾಕ್ಷಿ, ದೂರುದಾರನ ತಮ್ಮ. ಅವನೂ ಗಣಿಯಲ್ಲಿ ನಮ್ಮವನ ಪಾಳಿಯಲ್ಲೇ ಕೆಲಸ ಮಾಡುವವನು. ಶಿಕ್ಷೆಯಾದರೆ ನಮ್ಮವನ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಲೈನ್ ಮನೆಯೂ ಹೋಗುತ್ತಿತ್ತು. ಅವನ ಹೆಂಡತಿ ಆಫೀಸಿಗೆ ಬಂದಾಗಲೆಲ್ಲ ಮೆಟ್ಟಿಲ ಮೇಲೆಯೇ ಕೂತು, “ಮನೆ ಒಂದು ಉಳಿಸ್ಕೊಡಿ ಮ್ಮಾ, ಮೂರು ಮಕ್ಕಳನ್ನ ಕಟ್ಕೊಂಡು ಎಲ್ಲಿ ಓಗಲಿ?” ಎನ್ನುತ್ತಿದ್ದಳು.

ವಿಚಾರಣೆಗೆ ಒಂದು ವಾರವಿರುವಾಗ ಸೀನಿಯರ್, ತಾವು ಆ ದಿನ ಕೋಲಾರದ ಕೋರ್ಟಿಗೆ ಹೋಗಲೇಬೇಕೆಂದೂ ಈ ಕೇಸು ನಾನೇ ನಡೆಸಬೇಕೆಂದೂ ಹೇಳಿದರು. ನಾನು ಉತ್ತರ ಕೊಡುವ ಮೊದಲು ಗುಮಾಸ್ತ ಬಾಯಿ ಹಾಕಿದ.

“ಸಾರ್, ವಾಯಿದೆ ತಗೊಳೋಣ. ಈಯಮ್ಮನ ಕೈಲಿ ಕೊಡ್ಬೇಡಿ. ಬಡವ್ನ ಒಟ್ಟೆ ಮೇಲೆ ಒಡೀಬೇಡಿ.”

ಅವನು ಹಾಗೆಂದಿರದಿದ್ದರೆ ನಾನೇ ವಾಯಿದೆ ಕೇಳುತ್ತಿದ್ದೆನೋ ಏನೋ... ಆದರೆ ಅವನ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ನಾನೇ ನಡೆಸುತ್ತೇನೆ ಎಂದುಬಿಟ್ಟೆ.

ಆ ವಾರ ನನ್ನ ಪಾಟೀ ಸವಾಲಿಗೆ ಸಿಕ್ಕಿದವು ನಮ್ಮ ಎಮ್ಮೆಗಳು. ಮುಂಜಾನೆ ಹಾಲು ಕರೆಯುತ್ತ, “ನೀವು ಆ ಹೊತ್ತಿಗೆ ನಲ್ಲಿಯಿಂದ ಎಷ್ಟು ದೂರದಲ್ಲಿ ನಿಂತಿದ್ದಿರಿ?” ಎಂದು ಕೇಳುತ್ತಿದ್ದೆ. ಎಮ್ಮೆ ಬಾಲ ಬೀಸಿ ಕೆನ್ನೆಗೆ ಹೊಡೆಯುತ್ತಿತ್ತು. ಅಪ್ಪ ಕ್ಯಾನು ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ ತಡೆಯಲಾರದೆ, “ಅಮ್ಮಣ್ಣಿ, ಇಷ್ಟು ಭಯ ಆದ್ರೆ ಬಿಟ್ಬುಡವ್ವ. ನಾಲ್ಕು ಎಮ್ಮೆ ಜತೆಗೆ ಇನ್ನೆರಡು ತರಾನ” ಎಂದ. ಅವನು ಹೇಳಿದ್ದು ಪ್ರೀತಿಯಿಂದಲೇ. ನನಗೆ ಮಾತ್ರ ಅದು ಗುಮಾಸ್ತನ ಮಾತಿಗಿಂತ ಹೆಚ್ಚು ಚುಚ್ಚಿತು.

ಅಪ್ಪ ಹಾಲು ಹಾಕುವ ಮನೆಗಳಲ್ಲಿ ಒಂದು, ಗಣಿಯ ದೀಪದ ಕೋಣೆಯಲ್ಲಿ ಕೆಲಸ ಮಾಡುವವನದು. ಗಣಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಆ ಕೋಣೆಯ ಕಿಂಡಿಯಲ್ಲಿ ಕೊಟ್ಟು ತಲೆದೀಪ ಪಡೆಯಬೇಕು. ಬಿಲ್ಲೆಯನ್ನು ಹಲಗೆಯ ಮೊಳೆಗೆ ನೇತುಹಾಕುತ್ತಾರೆ. ಅದು ತೂಗುತ್ತಿರುವವರೆಗೂ ಆಳು ಭೂಮಿಯ ಕೆಳಗಿದ್ದಾನೆ ಎಂದು ಲೆಕ್ಕ. ನಾನು ಹಾಲಿನ ನೆಪದಲ್ಲಿ ಹೋಗಿ ಕೇಳಿದೆ. ಅವನು ಪುಸ್ತಕ ನೋಡಿಕೊಂಡು ಬಂದು, ಜಗಳದ ದಿನ ನಮ್ಮವನ ಬಿಲ್ಲೆ ಬೆಳಿಗ್ಗೆ ಏಳು ಗಂಟೆಯ ಪಾಳಿಗೆ ಮೊದಲೇ ಹಲಗೆ ಸೇರಿತ್ತು ಎಂದ.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಣಿಯೊಳಗೆ ಇಳಿಯುತ್ತಿದ್ದವನು ನಲ್ಲಿಯ ಹತ್ತಿರ ಹೊಡೆಯುವುದು ಹೇಗೆ? ಇಷ್ಟು ಸುಲಭದ ಕೇಸಿನಲ್ಲಿ ಈ ಬಿಲ್ಲೆಯ ಮಾತನ್ನು ಇದುವರೆಗೆ ಯಾರೂ ಎತ್ತಿರಲಿಲ್ಲವೇಕೆ? ಓಡಿಬಂದು ಗುಮಾಸ್ತನಿಗೆ ಹೇಳಿ, ದೀಪದ ಕೋಣೆಯ ಪುಸ್ತಕ ತರಿಸಲು ಅರ್ಜಿ ಬರೆಯಿರಿ ಎಂದೆ. ಅವನು ಜಗಿಯುತ್ತಿದ್ದದ್ದನ್ನು ನಿಲ್ಲಿಸಿದ.

“ಬಿಲ್ಲೆ ಮಾತು ಎತ್ಬೇಡಿ.”

“ಯಾಕೆ?”

“ಎತ್ಬೇಡಿ ಅಂದ್ರೆ ಎತ್ಬೇಡಿ. ನಲ್ಲಿ ಹತ್ರ ಪಾಚಿ ಕಟ್ಟಿದ ಕಲ್ಲು ಅದೆ, ದೂರು ಕೊಟ್ಟೋನು ಜಾರಿ ಬಿದ್ದು ಕೈ ಮುರ್ಕೊಂಡವ್ನೆ. ಡಾಕ್ಟ್ರ ಚೀಟೀಲೂ ಅಂಗೇ ಅದೆ. ಅಷ್ಟು ಕೇಳಿ, ಕೂತ್ಕೊಳಿ.”

ಇನ್ನೊಂದು ಸಲ ಯಾಕೆ ಎಂದು ಕೇಳಿದೆ. ಅವನು ಬೀರುವಿನ ಕಡೆಗೆ ತಿರುಗಿಕೊಂಡ. ಕಕ್ಷಿದಾರನನ್ನು ಕೇಳಿದರೆ ಅವನು ನೆಲ ನೋಡುತ್ತ, “ಗುಮಾಸ್ತರಿಗೆ ಎಲ್ಲಾ ಏಳಿದೀನಿ ಮೇಡಂ” ಎಂದಷ್ಟೇ ಹೇಳಿದ. ಆವತ್ತು ನನ್ನ ತಲೆಗೆ ಹೊಳೆದದ್ದು ಒಂದೇ. ಇವನು ಎದುರು ಕಡೆಯವರ ಜೊತೆ ಸೇರಿಕೊಂಡಿದ್ದಾನೆ, ಕೇಸು ಸೋಲಲಿ, ಹಾಲಮ್ಮ ಮುಖ ಮುಚ್ಚಿಕೊಂಡು ಹಳ್ಳಿಗೆ ಹೋಗಲಿ ಎಂದು ಕಾಯುತ್ತಿದ್ದಾನೆ. ಆ ದೂರುದಾರನ ಜೊತೆ ಅವನು ಟೀ ಕುಡಿಯುತ್ತಿದ್ದುದನ್ನು ನಾನೇ ನೋಡಿದ್ದೆ. ಅವನು ಊರಿನಲ್ಲಿ ಎಲ್ಲರ ಜೊತೆಯೂ ಟೀ ಕುಡಿಯುತ್ತಿದ್ದ, ಆದರೆ ಸಿಟ್ಟಿನಲ್ಲಿರುವವರಿಗೆ ಅದೆಲ್ಲ ಎಲ್ಲಿ ಕಾಣುತ್ತದೆ?

ವಿಚಾರಣೆಯ ಹಿಂದಿನ ಸಂಜೆ, ಆಫೀಸಿಗೆ ಬೀಗ ಹಾಕುವಾಗ, ಅವನು ಬಾಗಿಲ ಕಡೆಗೇ ಮುಖ ಮಾಡಿಕೊಂಡು ಒಂದು ಮಾತು ಹೇಳಿದ.

“ನಾಳೆ ಯಾರ ಮುಖಾನೂ ನೋಡ್ಬೇಡಿ. ಸಾಕ್ಷಿ ಮುಖ ಬೇಡ, ಜಡ್ಜ್ ಮುಖಾನೂ ಬೇಡ. ಟೈಪಿಸ್ಟ್ ಬೆರಳು ನೋಡ್ತಾ ಇರಿ. ಬೆರಳು ನಿಂತ ಮೇಲೆ ಮುಂದಿನ ಪ್ರಶ್ನೆ. ಆ ತಾಳ ಇಡ್ಕೊಂಡ್ರೆ ನಡುಕ ತಾನಾಗೇ ನಿಲ್ತದೆ.”

ಇಷ್ಟು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದ. ನನ್ನ ನಡುಕದ ಮಾತನ್ನು ಅಷ್ಟು ಸಲೀಸಾಗಿ ಬಾಯಿಬಿಟ್ಟು ಆಡಿದನಲ್ಲ ಎಂದು ನನಗೆ ಮತ್ತೆ ಸಿಟ್ಟು.

ಮಾರನೆಯ ದಿನ ರೈಲಿನಲ್ಲಿ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಕೋರ್ಟಿನ ಹಿಂದಿನ ಗೋಡೆಯ ಪಕ್ಕ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ಒರೆಸಿಕೊಂಡು ತಿರುಗಿದರೆ ಗುಮಾಸ್ತ. ಎಷ್ಟು ಹೊತ್ತಿನಿಂದ ನಿಂತಿದ್ದನೋ... ಮುಖದಲ್ಲಿ ಕರುಣೆ ಅಂತ ಒಂದು ಗೆರೆ ಇರಲಿಲ್ಲ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಗೋಡೆಯ ಮೇಲಿಟ್ಟ.

“ಅಗೀರಿ. ಕೋಟಿನ ಮೇಲೆ ಬಿದ್ದಿರೋದು ಒರ್ಸ್ಕೊಳಿ. ಬಿಲ್ಲೆ ಮಾತು ಬೇಡ.”

ಓಮ ಅಗಿದೆ. ಬೇರೆ ದಾರಿ ಇರಲಿಲ್ಲ. ಬಾಯೆಲ್ಲ ಕಾರ, ಕಣ್ಣಲ್ಲಿ ನೀರು. ಆದರೆ ವಾಂತಿ ನಿಂತಿತು. ಉಳಿದ ಪೊಟ್ಟಣ ಕೋಟಿನ ಬಲಜೇಬಿಗೆ ಹೋಯಿತು.

ಕೋರ್ಟು ತುಂಬಿತ್ತು. ಲೈನಿನ ಅರ್ಧ ಜನ ಬಂದಿದ್ದರು. ಮೊದಲು ದೂರುದಾರ ಕಟಕಟೆ ಹತ್ತಿದ. ನಾನು ಎದ್ದೆ. ಮಂಡಿ ಶುರುವಾಯಿತು. ಮೊದಲ ಪ್ರಶ್ನೆಯನ್ನು ನನಗೇ ಕೇಳಿಸದಷ್ಟು ಮೆಲ್ಲಗೆ ಕೇಳಿದೆ, ಮ್ಯಾಜಿಸ್ಟ್ರೇಟರು, “ಜೋರಾಗಿ ಹೇಳಿಯಮ್ಮಾ” ಎಂದರು. ಹಿಂದೆ ಯಾರೋ ನಕ್ಕರು. ಆಗ, ಬೇರೆ ಆಸರೆಯಿಲ್ಲದೆ, ನಾನು ಟೈಪಿಸ್ಟ್ ಹುಡುಗಿಯ ಬೆರಳುಗಳ ಕಡೆ ನೋಡಿದೆ. ನಮ್ಮ ಕೋರ್ಟಿನಲ್ಲಿ ಸಾಕ್ಷಿ ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಮ್ಯಾಜಿಸ್ಟ್ರೇಟರು ಕನ್ನಡದಲ್ಲಿ ಹೇಳಿ ಬರೆಸುತ್ತಿದ್ದರು, ಟೈಪಿಸ್ಟ್ ಹುಡುಗಿ ಹೊಡೆಯುತ್ತಿದ್ದಳು. ಟಕಟಕ ನಡೆದು, ನಿಂತಿತು. ನಾನು ಕೇಳಿದೆ. ಮತ್ತೆ ಟಕಟಕ, ಮತ್ತೆ ನಿಂತಿತು. ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಮಂಡಿ ಸುಮ್ಮನಾಗಿತ್ತು. ಪಾಚಿ ಕಲ್ಲು ಬಂತು, ಡಾಕ್ಟರ ಚೀಟಿ ಬಂತು. ದೂರುದಾರ ತಡವರಿಸಿದ. ನನ್ನ ದನಿ ಗೋಡೆಗೆ ತಾಗಿ ವಾಪಸು ಬರುವುದು ನನಗೇ ಕೇಳಿಸಿತು.

ಆಮೇಲೆ ದೂರುದಾರನ ತಮ್ಮ ಬಂದ. ಆರೂ ಮುಕ್ಕಾಲಿಗೆ ನಲ್ಲಿಯ ಹತ್ತಿರವೇ ನಿಂತು ಹೊಡೆದದ್ದನ್ನು ನೋಡಿದೆ ಎಂದು ಸರ್ಕಾರಿ ವಕೀಲರಿಗೆ ಹೇಳಿ ಮುಗಿಸಿದ. ನನ್ನ ಸರದಿ. ಒಮ್ಮೆ ಬಾಗಿಲ ಕಡೆ ನೋಡಿದೆ. ಗುಮಾಸ್ತ ನಿಂತಿದ್ದ. ನನ್ನ ಮನಸ್ಸಿನಲ್ಲಿ ಏನಿದೆಯೆಂದು ಗೊತ್ತಾಗಿತ್ತೋ ಏನೋ, ಬೇಡ ಎಂದು ತಲೆಯಾಡಿಸಿದ. ಎರಡು ಸಲ ಆಡಿಸಿದ. ಯಾರ ಮುಖವನ್ನೂ ನೋಡಬೇಡ ಎಂದವನು ಅವನೇ. ನಾನು ಅವನ ಮುಖದಿಂದ ಕಣ್ಣು ಕಿತ್ತು ಟೈಪಿಸ್ಟ್ ಹುಡುಗಿಯ ಬೆರಳಿನ ಮೇಲಿಟ್ಟು ಕೇಳಿದೆ.

“ಆ ದಿನ ಆರೋಪಿಯ ಬಿಲ್ಲೆ ದೀಪದ ಕೋಣೆಯ ಹಲಗೆಯ ಮೇಲಿತ್ತು. ಹೌದೋ ಅಲ್ಲವೋ?”

ಸಾಕ್ಷಿ ಲೈನಿನ ಜನರ ಕಡೆ ನೋಡಿದ. ಅವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅದು ನನ್ನ ಚುರುಕಿಗೆ ಬೆರಗಾದ ಮೌನ ಎಂದುಕೊಂಡೆ.

“ಹೇಳಪ್ಪಾ,” ಎಂದರು ಮ್ಯಾಜಿಸ್ಟ್ರೇಟರು. “ಪ್ರಮಾಣ ಮಾಡಿದ್ದೀಯ.”

“ಇತ್ತು ಸಾರ್. ಆದ್ರೆ ಅವ್ನು ಆಕಿದ್ದಲ್ಲ. ಅವ್ನು ಆವತ್ತು ಬರ್ಲೇ ಇಲ್ಲ. ಅವ್ನ ಜತೆಗಾರ ಎರಡು ಬಿಲ್ಲೆ ಕೊಟ್ಟ. ನಾನು ಅವ್ನ ಬೆನ್ನಿಂದೇನೇ ನಿಂತಿದ್ದೆ, ಕಣ್ಣಾರೆ ಕಂಡೆ.”

“ಯಾರು ಆ ಜತೆಗಾರ?” ಎಂದು ಮ್ಯಾಜಿಸ್ಟ್ರೇಟರೇ ಕೇಳಿದರು. ಸಾಕ್ಷಿ ಒಂದು ಹೆಸರು ಹೇಳಿದ. ಟೈಪಿಸ್ಟ್ ಹುಡುಗಿಯ ಬೆರಳು ನಿಂತಿತು. ನಿಂತಿತಲ್ಲ ಎಂದು ನಾನು ಮುಂದಿನ ಪ್ರಶ್ನೆ ಕೇಳಿದೆ.

“ಆಗ ಗಂಟೆ ಎಷ್ಟು?”

“ಆರೂ ಮುಕ್ಕಾಲು.”

ಕೇಳಿದ ಕೂಡಲೇ ನನಗೆ ಹೊಳೆಯಿತು. ಅದುವರೆಗೆ ಹೊಳೆದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

“ಅಂದರೆ ಆರೂ ಮುಕ್ಕಾಲಿಗೆ ನೀವು ದೀಪದ ಕೋಣೆಯ ಸಾಲಿನಲ್ಲಿದ್ದಿರಿ. ನಲ್ಲಿಯ ಹತ್ತಿರ ಇರಲಿಲ್ಲ.”

ಸರ್ಕಾರಿ ವಕೀಲರು ಹಣೆ ಹಿಡಿದುಕೊಂಡರು. ಕಂಡ ಸಾಕ್ಷಿ ಕಾಣದವನಾಗಿಹೋದ. ನಾನು ಬಾಗಿಲ ಕಡೆ ಗೆದ್ದ ನೋಟ ಬೀರಿದೆ. ಗುಮಾಸ್ತ ಅಲ್ಲಿರಲಿಲ್ಲ. ಆರೋಪಿಯ ಕಟಕಟೆಯಲ್ಲಿದ್ದ ನಮ್ಮ ಕಕ್ಷಿದಾರ ಕಣ್ಣು ಮುಚ್ಚಿಕೊಂಡಿದ್ದ. ದೇವರನ್ನು ನೆನೆಯುತ್ತಿದ್ದಾನೆ ಎಂದುಕೊಂಡೆ.

ಹತ್ತು ದಿನಕ್ಕೆ ತೀರ್ಪು, ಖುಲಾಸೆ. ಸೀನಿಯರ್ ಎಲ್ಲರೆದುರು ಬೆನ್ನು ತಟ್ಟಿದರು. ಅಪ್ಪ ಬಂಗಾರಪೇಟೆಯಿಂದ ಮೈಸೂರ್ ಪಾಕ್ ಕಟ್ಟಿಸಿ ಕಳಿಸಿದ. ನಾನೇ ಪೊಟ್ಟಣ ಹಿಡಿದು ಗುಮಾಸ್ತನ ಮೇಜಿಗೆ ಹೋದೆ, ಬೇಕೆಂದೇ. ಅವನು ಒಂದು ತುಂಡು ತೆಗೆದುಕೊಂಡು ಫೈಲಿನ ಮೇಲಿಟ್ಟ.

“ಗೆದ್ರಿ. ಒಳ್ಳೇದು.”

ತಿನ್ನಲಿಲ್ಲ. ಸಂಜೆಯವರೆಗೂ ಅದು ಅಲ್ಲೇ ಇತ್ತು, ತುಪ್ಪ ಬಿಟ್ಟುಕೊಂಡು ಕಾಗದ ಒದ್ದೆಯಾಗಿತ್ತು. ಹೊಟ್ಟೆಕಿಚ್ಚು, ಸಾಯಲಿ ಎಂದು ಮನಸ್ಸಿನಲ್ಲೇ ಬೈದು ರೈಲು ಹತ್ತಿದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಮನೆಗೆ ಹೋಗಿಲ್ಲ.

ತಿಂಗಳಾದ ಮೇಲೆ ಕಕ್ಷಿದಾರನ ಹೆಂಡತಿ ಬಂದಳು. ಈ ಸಲ ಮೆಟ್ಟಿಲ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದಳು. ಕೋರ್ಟಿನಲ್ಲಿ ಆ ದಿನ ಗಣಿಯ ಕಾವಲು ಇಲಾಖೆಯವನೊಬ್ಬ ಕೂತಿದ್ದನಂತೆ. ಬಿಲ್ಲೆಯ ಮಾತು ಮೇಲಿನವರಿಗೆ ಹೋಗಿ, ಸಾಕ್ಷಿಯ ಹೇಳಿಕೆಯ ನಕಲು ತರಿಸಿ, ವಿಚಾರಣೆ ನಡೆದು, ಅವಳ ಗಂಡನನ್ನೂ ಅವನ ಬಿಲ್ಲೆ ಕೊಟ್ಟ ಜತೆಗಾರನನ್ನೂ ಕೆಲಸದಿಂದ ತೆಗೆದಿದ್ದರು. ಇಬ್ಬರ ಬಾಗಿಲಿಗೂ ಮನೆ ಬಿಡಲು ಚೀಟಿ ಅಂಟಿಸಿ ಹೋಗಿದ್ದರು.

ಅವಳಿಂದಲೇ ನನಗೆ ಗೊತ್ತಾಯಿತು. ಆ ಬೆಳಿಗ್ಗೆ ಅವಳ ಗಂಡ ಕಾಯಿಲೆಯ ತಾಯಿಯನ್ನು ಡಾಕ್ಟರಿಗೆ ತೋರಿಸಲು ಮೊದಲ ರೈಲಿಗೇ ಬಂಗಾರಪೇಟೆಗೆ ಹೋಗಿದ್ದ. ಹಾಜರಿ ಹೋಗದಿರಲೆಂದು ಜತೆಗಾರ ಇಬ್ಬರ ಬಿಲ್ಲೆಯನ್ನೂ ಕೊಟ್ಟಿದ್ದ. ಲೈನಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮಾಡುತ್ತಿದ್ದದ್ದೇ. ಇವತ್ತು ನನಗೆ ನೀನು, ನಾಳೆ ನಿನಗೆ ನಾನು. ಎಷ್ಟೇ ಹೊಡೆದಾಡಿಕೊಂಡರೂ ಬಿಲ್ಲೆಯ ಮಾತನ್ನು ಮಾತ್ರ ಹೊರಗಿನವರ ಮುಂದೆ ಯಾರೂ ಆಡುತ್ತಿರಲಿಲ್ಲ. ದೂರು ಕೊಟ್ಟವರೂ ಆಡಿರಲಿಲ್ಲ. ಆಡಿಸಿದವಳು ನಾನು. ಎರಡು ಎಕರೆ ಹೊಲ, ನಾಲ್ಕು ಎಮ್ಮೆಯ ಮನೆಯಿಂದ ಬಂದವಳಿಗೆ ಲೈನಿನ ಈ ಕಟ್ಟುಪಾಡು ಹೇಗೆ ತಿಳಿಯಬೇಕು?

“ಗುಮಾಸ್ತರು ಏಳಿರ್ಲಿಲ್ವಾ ಮ್ಮಾ?” ಎಂದಳು. ಬೈಯಲಿಲ್ಲ. ಅಷ್ಟು ಕೇಳಿ ಹೊರಟುಹೋದಳು. ಆ ಸಂಸಾರ ಅರಕ್ಕೋಣಂ ಕಡೆ ಹೋಯಿತೆಂದು ಆಮೇಲೆ ಯಾರೋ ಹೇಳಿದರು...

ನಾನು ಸೀದಾ ಗುಮಾಸ್ತನ ಮೇಜಿಗೆ ಹೋದೆ.

“ನಿಮಗೆ ಎಲ್ಲಾ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ನಾನು ಕೇಳುತ್ತಿದ್ದೆನಾ ಆ ಪ್ರಶ್ನೆ?”

ಅವನು ತಲೆಯೆತ್ತಿ ನನ್ನನ್ನು ನೋಡಿದ. ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು.

“ಏಳಿದ್ರೆ ನಿಮ್ಮ ಮುಖದ ಮೇಲೆ ಬರ್ಕೊಂಡಿರ್ತಿತ್ತು. ಗೋಡೆ ಇಂದೆ ನಿಂತ್ಕೊಂಡು ವಾಂತಿ ಮಾಡ್ಕೊಳೋರ ಅತ್ರ ಯಾರಾನ ಗುಟ್ಟು ಇಡ್ತಾರಾ?”

ನನ್ನ ಮೇಜಿಗೆ ಹಿಂತಿರುಗಿದೆ. ಆದರೆ ಅವನ ಆ ಮಾತು ಪೂರ್ತಿ ನಿಜವೂ ಆಗಿರಲಿಲ್ಲ ಎನ್ನುವುದು ನನಗೆ ಟೈಪಿಸ್ಟ್ ಹುಡುಗಿ ಹೇಳಿದ ಮೇಲೆ ತಿಳಿಯಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಅವಳು, “ಅಕ್ಕಾ, ಆ ಜತೆಗಾರನ ಎಸ್ರು ಬಂದಾಗ ನಾನು ಬೆರಳು ನಿಲ್ಲಿಸಿದ್ದು ನಿಮಗೆ ಕಾಣಿಸ್ಲಿಲ್ವಾ? ಅವ್ರು ನಿಮ್ಮ ಗುಮಾಸ್ತರ ತಂಗಿ ಗಂಡ. ಟೈಪ್ ಒಡೀಲಾ ಬೇಡ್ವಾ ಅಂತ ಒಂದು ಗಳಿಗೆ ನಿಂತೆ. ನೀವು ಅಷ್ಟ್ರಲ್ಲಿ ಮುಂದಿನ ಪ್ರಶ್ನೆ ಕೇಳ್ಬಿಟ್ರಿ” ಎಂದಳು.

ಬೆರಳು ನಿಂತದ್ದು ಕಂಡಿತ್ತು. ಚೆನ್ನಾಗಿ ಕಂಡಿತ್ತು.

ತಂಗಿ ಗಂಡ! ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ಅವನಿಗೇನು ಕಷ್ಟವಿತ್ತು? ಹೇಳಿದ್ದರೆ ನನ್ನ ಮುಂದೆ ಬೇಡಿದಂತಾಗುತ್ತಿತ್ತು. ಹಾಲಮ್ಮನ ಮುಂದೆ ಕೈಯೊಡ್ಡಿದಂತಾಗುತ್ತಿತ್ತು. ಎರಡು ವರ್ಷ ನನ್ನನ್ನು ಊರ ಮುಂದೆ ಆಡಿಕೊಂಡ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಅಪ್ಪಣೆ ಮಾಡಿದ, ತಲೆಯಾಡಿಸಿದ, ಓಮ ಕೊಟ್ಟ, ಕೇಳಿಕೊಳ್ಳಲಿಲ್ಲ. ಇದಕ್ಕಾಗಿ ನಾನು ಅವನನ್ನು ಕ್ಷಮಿಸಿಲ್ಲ. ಹಾಗೆಂದು ನಾನೇನು ಸಾಚಾ? ಆ ಪ್ರಶ್ನೆ ಕೇಳುವಾಗ ನನ್ನ ಮನಸ್ಸಿನಲ್ಲಿ ಕಕ್ಷಿದಾರನೂ ಇರಲಿಲ್ಲ, ಅವನ ಮೂರು ಮಕ್ಕಳೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದವನ ಮುಖಕ್ಕೆ ಹೊಡೆದಂತಾಗಲಿ ಎಂದೇ ಕೇಳಿದ್ದು. ಹೊಡೆತ ಬಿದ್ದದ್ದು ಎಲ್ಲಿಗೆ ಎಂದು ಗೊತ್ತಾದಾಗ ತಡವಾಗಿತ್ತು.

ಆಮೇಲೂ ಏಳು ವರ್ಷ ಅದೇ ಆಫೀಸಿನಲ್ಲಿ ಕೆಲಸ ಮಾಡಿದೆವು. ಫೈಲಿನ ವಿಷಯ ಬಿಟ್ಟು ಒಂದು ಮಾತಿಲ್ಲ. ‘ಹಾಲಮ್ಮ’ ಎನ್ನುವುದನ್ನೂ ಬಿಟ್ಟ, ಅದು ಇನ್ನೂ ಕಷ್ಟವಾಗಿತ್ತು. ಆದರೆ ನಾನು ವಿಚಾರಣೆ ನಡೆಸುವ ದಿನವೆಲ್ಲ ನನ್ನ ಫೈಲಿನ ಮೇಲೆ ಒಂದು ಪೊಟ್ಟಣ ಓಮ ಇರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ನನ್ನ ಹೊಟ್ಟೆಯ ಮೇಲಿನ ಕಾಳಜಿಯೋ, ಆ ಬೆಳಿಗ್ಗೆಯನ್ನು ಮರೆಯಬೇಡ ಎನ್ನುವ ಕುಟುಕೋ ನನಗೆ ತಿಳಿಯಲಿಲ್ಲ. ಕೇಳುವುದು ನನ್ನ ಜಾಯಮಾನವಲ್ಲ, ಹೇಳುವುದು ಅವನದಲ್ಲ. ಪ್ರತಿ ಸಲವೂ ತೆಗೆದುಕೊಂಡು ಅಗಿದೆ. ಟೈಪಿಸ್ಟ್ ಬೆರಳು ನೋಡಿಕೊಂಡೇ ಎಷ್ಟೋ ಕೇಸು ಗೆದ್ದೆ. ಆ ವಿದ್ಯೆ ಕೊಟ್ಟವನು ಅವನೇ ಎಂದು ಯಾರ ಹತ್ತಿರವೂ ಹೇಳಿಲ್ಲ, ಈಗ ಇಲ್ಲಿ ಬರೆಯುವವರೆಗೆ.

ಅವನು ಹೋದದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಹೊಟ್ಟೆಯ ಹುಣ್ಣು ಒಡೆದು. ಸೀನಿಯರ್ ಜೊತೆ ಆಂಡರ್ಸನ್‌ಪೇಟೆಯ ಅವನ ಮನೆಗೆ ಹೋದೆ. ಎರಡು ಕೋಣೆಯ ಮನೆಯಲ್ಲಿ ಎರಡು ಸಂಸಾರವಿತ್ತು. ಮೂಲೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಷರಟುಗಳು ಮೊಳೆಗೆ ತೂಗುತ್ತಿದ್ದವು. ಬಾಗಿಲ ಪಕ್ಕ ಕೂತಿದ್ದ ಹೆಂಗಸೊಬ್ಬಳು ನನ್ನ ಕರಿಕೋಟನ್ನು ನೋಡಿದಳು. ಅದೇ ಕಡ್ಡಿಯಂಥ ಮೈ, ಅದೇ ಮೂಗು. ತಂಗಿಯೆಂದು ಯಾರೂ ಹೇಳಬೇಕಿರಲಿಲ್ಲ.

“ಆ ಬಿಲ್ಲೆ ಕೇಸು ಗೆದ್ದ ಲಾಯರಮ್ಮ ನೀವೇನಾ?”

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಹೋಗಿ ಕೈಮುಗಿದು ಬಂದೆ. ಅವನ ಮುಖ ನೋಡಿದೆನೋ ಇಲ್ಲವೋ ನೆನಪಿಲ್ಲ... ಅಗರಬತ್ತಿಯ ಹೊಗೆಯ ನಡುವೆಯೂ ಓಮದ ವಾಸನೆ ಬರುತ್ತಿದ್ದುದು ನೆನಪಿದೆ.

ಗಣಿಗಳೂ ಮುಚ್ಚಿದವು. ದೀಪದ ಕೋಣೆಯ ಹಲಗೆಗಳು, ಬಿಲ್ಲೆಗಳು ಎಲ್ಲಿ ಹೋದವೋ. ಸೀನಿಯರ್ ಇಲ್ಲ, ಅಪ್ಪ ಇಲ್ಲ, ಎಮ್ಮೆಗಳಿಲ್ಲ. ನಾನು ಬೈಯಬೇಕೆಂದರೆ ಬೈಸಿಕೊಳ್ಳುವವನೂ ಇಲ್ಲ. ಇಷ್ಟು ವರ್ಷ ಎದೆಯಲ್ಲಿ ಕಟ್ಟಿಕೊಂಡಿದ್ದ ಜಗಳಕ್ಕೆ ಎದುರಾಳಿಯೇ ಇಲ್ಲದಂತಾಗಿದೆ. ಅವನನ್ನು ಕಳೆದುಕೊಂಡೆ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೆ ಕಳೆದುಕೊಂಡದ್ದು ನಿಜ.

ಟೈಲರ್ ಕಾಳುಗಳನ್ನು ಒಂದು ಕಾಗದಕ್ಕೆ ಬಳಿದು ಮಡಚಿ ನನ್ನ ಕೈಗೆ ಕೊಟ್ಟರು. ಕೋಟನ್ನು ಬೆಳಕಿಗೆ ಹಿಡಿದು ಜೇಬಿನ ತೂತಿನೊಳಗೆ ಬೆರಳು ಹಾಕಿ ನೋಡಿದರು.

“ಬಾಳ ಅಳೇದು ಮೇಡಂ. ಮೊದಲನೇ ಕೇಸಿಗೂ ಇದೇನಾ ಆಕ್ಕೊಂಡಿದ್ದು?”

“ಹೂಂ, ಇದೇ.”

“ಗೆದ್ರಾ?”

ಒಂದು ಕಾಳು ಬಾಯಿಗೆ ಹಾಕಿಕೊಂಡಿದ್ದೆ. ಕಾರ ಇನ್ನೂ ಹಾಗೇ ಇತ್ತು, ಕಣ್ಣಿಗೆ ನೀರು ತರುವಷ್ಟು.

“ಗೆದ್ದೆ” ಎಂದೆ.